ಹಾಲಿನ ಕೇಂದ್ರಕ್ಕೆ ನಾನು ನೆಮ್ಮದಿ ತಂದದ್ದು

ನನಗೆ ಒತ್ತಡ ಎಂಬುದೇ ಇಲ್ಲ. ಇದನ್ನು ನಾನು ಬರೀ ಬಾಯಿಮಾತಿಗೆ ಹೇಳುತ್ತಿಲ್ಲ, ಲಿಖಿತವಾಗಿ ಕೊಟ್ಟಿದ್ದೇನೆ.

ಕೋಲಾರದಲ್ಲಿ ನಡೆದ ಒಂದು ದಿನದ ತರಬೇತಿಯಲ್ಲಿ ನಮಗೆಲ್ಲ ಎರಡು ಪುಟದ ನಮೂನೆಯೊಂದನ್ನು ಹಂಚಿದರು. ಮೊದಲ ಪುಟದಲ್ಲಿ ಒತ್ತಡದ ಪ್ರಶ್ನೆಗಳು. ನಿಮಗೆ ನಿದ್ದೆ ಸರಿಯಾಗಿ ಬರುವುದಿಲ್ಲವೇ? ಸಣ್ಣ ವಿಷಯಕ್ಕೂ ಸಿಟ್ಟು ಬರುತ್ತದೆಯೇ? ಎರಡನೇ ಪುಟದಲ್ಲಿ ಜೀವನ ತೃಪ್ತಿಯ ಪ್ರಶ್ನೆಗಳು. ನೀವು ಬಯಸಿದಂತೆ ನಿಮ್ಮ ಬದುಕು ನಡೆಯುತ್ತಿದೆಯೇ? ಪ್ರತಿ ಪ್ರಶ್ನೆಗೂ ಒಂದರಿಂದ ಐದರವರೆಗೆ ಅಂಕ ಹಾಕಬೇಕು. ಅಕ್ಕಪಕ್ಕದವರು ಪೆನ್ನು ಕಚ್ಚುತ್ತಾ, ಫ್ಯಾನು ನೋಡುತ್ತಾ ಯೋಚಿಸುತ್ತಿದ್ದರು. ನಾನು ಯೋಚಿಸಲಿಲ್ಲ. ಒತ್ತಡದ ಪುಟಕ್ಕೆಲ್ಲ ಒಂದು, ತೃಪ್ತಿಯ ಪುಟಕ್ಕೆಲ್ಲ ಐದು! ಎರಡೇ ನಿಮಿಷದಲ್ಲಿ ಮುಗಿಸಿ, ಎಲ್ಲರಿಗಿಂತ ಮೊದಲು ಕೊಟ್ಟು ಬಂದೆ. ಆಮೇಲೆ ಉಳಿದವರು ಯಾಕಿಷ್ಟು ತಡ ಮಾಡುತ್ತಿದ್ದಾರೆಂದು ಕೈಗಡಿಯಾರ ನೋಡುತ್ತಾ, ಹಲ್ಲು ಕಚ್ಚಿಕೊಂಡು, ಕಾಲು ಕುಣಿಸುತ್ತಾ ಕೂತೆ.

ತರಬೇತಿ ಕೊಡುತ್ತಿದ್ದವರು ನಮ್ಮ ಮುಖ್ಯ ಕಚೇರಿಯ ಪದ್ಮಾವತಿ ಮೇಡಂ. ಅವರು ನನ್ನ ನಮೂನೆಯನ್ನು ಎತ್ತಿ ಹಿಡಿದರು.

"ಕೆಲಸದ ಒತ್ತಡ ಹೆಚ್ಚಾದ ಹಾಗೆ ಬದುಕಿನ ಬಗ್ಗೆ ತೃಪ್ತಿ ಕಮ್ಮಿ ಆಗೋದು ಸಾಮಾನ್ಯ. ಆದರೆ ಇವರಿಗೆ ಒತ್ತಡ ಚೂರೂ ಇಲ್ಲ, ತೃಪ್ತಿ ಪೂರ್ತಿ. ವೆಂಕಟೇಶಪ್ಪನವರೇ, ಇದು ನಿಜಾನಾ?"

"ನೂರಕ್ಕೆ ನೂರು ಮೇಡಂ!"

"ಹಾಗಾದರೆ ಮುಂದಿನ ಶನಿವಾರ ನಿಮ್ಮ ಕೇಂದ್ರದಲ್ಲಿ ನೀವೇ ಒಂದು ಕಾರ್ಯಕ್ರಮ ಮಾಡಿ. ನಿಮ್ಮ ಸಿಬ್ಬಂದಿ ಹತ್ತಿರಾನೂ ಈ ನಮೂನೆ ತುಂಬಿಸಿ. ನಾನೂ ಬರ್ತೀನಿ."

ಹೇಳುವಾಗ ಅವರ ತುಟಿಯ ಅಂಚಿನಲ್ಲಿ ಒಂದು ಸಣ್ಣ ನಗು ಇತ್ತು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ನಾನು ಬಂಗಾರಪೇಟೆಯ ಹೊರಗಿರುವ ಒಂದು ಹಾಲು ಶೀತಲೀಕರಣ ಕೇಂದ್ರದ ಮೇಲ್ವಿಚಾರಕ. ಸುತ್ತಲಿನ ಹಳ್ಳಿಗಳಿಂದ ಬರುವ ಹಾಲನ್ನು ಪರೀಕ್ಷಿಸಿ, ತಣ್ಣಗೆ ಮಾಡಿ, ಟ್ಯಾಂಕರಿಗೆ ತುಂಬಿಸಿ ಕಳಿಸುವುದು ನಮ್ಮ ಕೆಲಸ. ಹದಿನಾಲ್ಕು ಜನ ನನ್ನ ಕೈಕೆಳಗಿದ್ದಾರೆ. ಹಾಲನ್ನೇ ತಣ್ಣಗಿಡುವ ಜಾಗದಲ್ಲಿ ಮುಖ್ಯಸ್ಥನೂ ತಣ್ಣಗಿರುವುದು ಸಹಜವಲ್ಲವೇ!

ಈ ಗೌರವದ ಸುದ್ದಿಯನ್ನು ಆಂಡರ್ಸನ್‌ಪೇಟೆಯ ಮನೆಗೆ ತಂದು ನನ್ನ ಹೆಂಡತಿ ಸರೋಜಳಿಗೆ ಹೇಳಿದೆ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಹೊಲಿಗೆ ಯಂತ್ರ ನಿಂತಿತು.

"ನೀವಾ? ನೀವು ನೆಮ್ಮದಿ ಹೇಳ್ಕೊಡೋದಾ?"

"ಯಾಕೆ, ನನಗೇನಾಗಿದೆ?"

"ಮೊನ್ನೆ ಟೂತ್‌ಪೇಸ್ಟ್ ಮುಚ್ಚಳ ಸಿಗಲಿಲ್ಲ ಅಂತ ಬೀದಿಗೆಲ್ಲ ಕೇಳೋ ಹಂಗೆ ಕೂಗಾಡಿದ್ದು ಯಾರು?"

"ಅದು ಒತ್ತಡ ಅಲ್ಲ ಕಣೆ, ಶಿಸ್ತು."

"ಸರಿ, ಶಿಸ್ತಾಗಿ ಬಿಪಿ ಮಾತ್ರೆ ನುಂಗಿ."

ಹೋದ ವರ್ಷ ಡಾಕ್ಟರೊಬ್ಬರು ರಕ್ತದೊತ್ತಡಕ್ಕೆಂದು ಬರೆದುಕೊಟ್ಟ ಮಾತ್ರೆಗಳವು. ಆದರೆ ಒತ್ತಡವೇ ಇಲ್ಲವೆಂದು ನಮೂನೆಯಲ್ಲಿ ಸಾಬೀತಾದ ಮೇಲೆ ಮಾತ್ರೆ ಏಕೆ? ಅಂದಿನಿಂದಲೇ ನಿಲ್ಲಿಸಿಬಿಟ್ಟೆ. ಸರೋಜಳಿಗೆ ಹೇಳಲಿಲ್ಲ. ವಿಜ್ಞಾನದ ವಿಷಯಗಳನ್ನೆಲ್ಲ ಮನೆಯಲ್ಲಿ ಚರ್ಚಿಸಬಾರದು.

ಮರುದಿನ ಬೆಳಿಗ್ಗೆಯೇ ತಯಾರಿ ಶುರು. ತರಬೇತಿಯಲ್ಲಿ ಒಂದು ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದರು: ನಾಲ್ಕು ಎಣಿಸುತ್ತಾ ಉಸಿರೆಳೆದುಕೊಂಡು, ಏಳು ಎಣಿಸುವವರೆಗೆ ಹಿಡಿದು, ಎಂಟು ಎಣಿಸುತ್ತಾ ಬಾಯಿಂದ ಬಿಡುವುದು. ಕಲಿಯುವವರಿಗೆ ಏಳು ಸಾಕು. ಕಲಿಸುವವನು ಕಡೇಪಕ್ಷ ನಲವತ್ತಾದರೂ ಹಿಡಿಯಬೇಡವೇ? ಜಗುಲಿಯ ಮೇಲೆ ಚಾಪೆ ಹಾಸಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡು ಕೂತೆ. ಇಪ್ಪತ್ತಕ್ಕೆ ಕಿವಿ ಬಿಸಿಯಾಯಿತು. ಮೂವತ್ತಕ್ಕೆ ಕಣ್ಣು ತಾನೇ ತೆರೆದುಕೊಂಡಿತು. ಮೂವತ್ತೈದರಲ್ಲಿದ್ದಾಗ ಎದುರು ಮನೆಯ ಅಮುದಕ್ಕ ರಂಗೋಲಿ ಹಾಕಲು ಬಂದವರು ನನ್ನ ಮುಖ ನೋಡಿ ರಂಗೋಲಿ ಡಬ್ಬಿ ಕೈಬಿಟ್ಟರು.

"ಅಯ್ಯಯ್ಯೋ! ಅಣ್ಣಾ, ಎನ್ನಾಚು? ಮೂಚ್ಚು ಬರ್ತಾ ಇಲ್ವಾ? ಸರೋಜಾ, ಓಡಿ ಬಾ! ಅಣ್ಣನಿಗೆ ಉಸಿರು ನಿಂತೋಯ್ತು!"

ವಿವರಿಸಬಹುದಿತ್ತು. ಆದರೆ ವಿವರಿಸಲು ಬಾಯಿ ತೆರೆಯಬೇಕು. ಬಾಯಿ ತೆರೆದರೆ ನಲವತ್ತು ಆಗುವುದಿಲ್ಲ! ಕೈಯಲ್ಲೇ ಬೇಡ ಬೇಡ ಎಂದು ಸನ್ನೆ ಮಾಡಿದೆ. ಅದನ್ನು ಅಮುದಕ್ಕ ಒದ್ದಾಟ ಎಂದುಕೊಂಡು ನನ್ನ ಬೆನ್ನಿಗೆ ಧಬಧಬನೆ ಗುದ್ದಿದರು. ಅವರ ತಮ್ಮ ಆಟೋ ಸ್ಟಾರ್ಟ್ ಮಾಡಿಯೇಬಿಟ್ಟ. ಇಬ್ಬರೂ ಸೇರಿ ನನ್ನನ್ನು ಚಾಪೆ ಸಮೇತ ಒಳಗೆ ತುರುಕಿದರು. ಬೀದಿ ತಿರುವಿನಲ್ಲಿ ನನಗೆ ಉಸಿರೂ ಮಾತೂ ಒಟ್ಟಿಗೆ ಬಂದವು.

"ನಿಲ್ಸಯ್ಯಾ! ನಾನು ಒತ್ತಡ ಕಮ್ಮಿ ಮಾಡ್ಕೊಳ್ತಾ ಇದ್ದೆ!"

"ಅದಕ್ಕೇ ಆಸ್ಪತ್ರೆಗೆ ಹೋಗ್ತಾ ಇರೋದು ಅಣ್ಣಾ," ಎಂದು ಅವನು ಇನ್ನೂ ಜೋರಾಗಿ ಓಡಿಸಿದ.

ಈ ಸಣ್ಣ ತೊಡಕಿನಿಂದ ನನ್ನ ಆತ್ಮವಿಶ್ವಾಸ ಕುಗ್ಗಲಿಲ್ಲ. ಗುರುವಾರ ಕೇಂದ್ರದಲ್ಲಿ ಹದಿನಾಲ್ಕು ಜನರಿಗೂ ನಮೂನೆ ಹಂಚಿದೆ. ಹೆಸರು ಬರೆಯಬೇಕಾಗಿಲ್ಲ, ಮನಸ್ಸು ಬಿಚ್ಚಿ ಬರೆಯಿರಿ ಎಂದೆ. ಅವರು ನಿಜಕ್ಕೂ ಬಿಚ್ಚಿಬಿಟ್ಟರು! ಒತ್ತಡದ ಪುಟದಲ್ಲಿ ನಾಲ್ಕು, ಐದು, ನಾಲ್ಕು, ಐದು. ತೃಪ್ತಿಯ ಪುಟದಲ್ಲಿ ಎರಡು, ಒಂದೂವರೆ. ಒಂದೂವರೆ ಹಾಕಲು ಅವಕಾಶವೇ ಇಲ್ಲ. ಯಾರೋ ಕೈಯಲ್ಲಿ ಬರೆದಿದ್ದರು. ಕೊನೆಯಲ್ಲಿ, ನಿಮ್ಮ ಒತ್ತಡಕ್ಕೆ ಮುಖ್ಯ ಕಾರಣವೇನು ಎಂಬ ಪ್ರಶ್ನೆಗೂ ಏನೇನೋ ಬರೆದಿದ್ದರು. ಅಕ್ಷರ ಓದುವಷ್ಟು ಪುರಸೊತ್ತು ನನಗಿರಲಿಲ್ಲ, ಅಂಕಗಳನ್ನಷ್ಟೇ ನೋಡಿದೆ.

ನಾರಾಯಣಮ್ಮ ಮಾತ್ರ ತನ್ನ ನಮೂನೆಯನ್ನು ನೇರವಾಗಿ ನನ್ನ ಕೈಗೇ ತಂದು ಕೊಟ್ಟಳು. ಹಾಲು ಪರೀಕ್ಷೆ ಮಾಡುವವಳು. ಕಾಮಸಮುದ್ರದ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ನೋಡಿದರೆ ಎರಡೂ ಪುಟಕ್ಕೆ ಐದು!

"ಇದೇನಮ್ಮಾ? ಒತ್ತಡಕ್ಕೂ ಐದು, ತೃಪ್ತಿಗೂ ಐದು. ಎರಡೂ ಹೆಂಗಾಗುತ್ತೆ?"

"ಯಾಕಾಗಲ್ಲ ಸಾರ್? ಬೆಳಕರಿಯೋಕ್ ಮುಂಚೆ ಎದ್ದು, ಹಸಾ ಕರೆದು, ಅತ್ತೆಗೆ ಮುದ್ದೆ ಮಾಡಿಟ್ಟು ಮೊದಲ್ನೇ ಬಸ್ ಇಡಿಯೋ ಹೊತ್ಗೆ ಜೀವ ಬಾಯಿಗ್ ಬತ್ತೈತೆ. ಅದಕ್ಕೆ ಐದು. ಆದ್ರೆ ನಾನೇ ಸಾಕಿದ್ ಹಸಾ, ನಾನೇ ದುಡಿಯೋ ಕೆಲ್ಸ. ಮಗ್ಳು ನರ್ಸಿಂಗ್ ಓದ್ತಾವ್ಳೆ. ಬದುಕು ಚೆನ್ನಾಗೈತೆ. ಅದಕ್ಕೂ ಐದು."

"ಅದು ಈ ನಮೂನೆಯ ತತ್ವಕ್ಕೇ ವಿರುದ್ಧ."

"ಇರ್ಬೋದು ಸಾರ್. ಅಂಗೇ ನನ್ ಅರ್ಜಿ ಏನಾತು? ಒಂದ್ ಗಂಟೆ ತಡವಾಗಿ ಬರೋಕೆ ಕೇಳಿದ್ನಲ್ಲ, ನಾಕ್ ತಿಂಗ್ಳಾತು. ಎರಡ್ನೇ ಬಸ್ಸಿಗೆ ಬತ್ತೀನಿ, ಸಂಜೆ ಒಂದ್ ಗಂಟೆ ಜಾಸ್ತಿ ಇರ್ತೀನಿ."

"ನಾರಾಯಣಮ್ಮಾ, ಮೊದಲು ನಿಮ್ಮೆಲ್ಲರ ನೆಮ್ಮದಿಯ ಕಾರ್ಯಕ್ರಮ ಮುಗೀಲಿ. ಇಂಥ ಸಣ್ಣಪುಟ್ಟದ್ದನ್ನೆಲ್ಲ ಆಮೇಲೆ ನೋಡೋಣ."

ಹದಿನಾಲ್ಕು ನಮೂನೆಗಳನ್ನೂ ಮೇಜಿನ ಡ್ರಾಯರಿಗೆ ಹಾಕಿ, ಹೊಸದನ್ನು ಹಂಚಿ ಎತ್ತರದ ದನಿಯಲ್ಲಿ ಹೇಳಿದೆ: "ಸಮಾಧಾನವಾಗಿ ಯೋಚಿಸಿ ತುಂಬಿ! ಐದೇ ನಿಮಿಷ! ಯಾರಾದರೂ ಒತ್ತಡ ಇದೆ ಅಂತ ಬರೆದರೆ ನನಗೆ ಕೆಟ್ಟ ಸಿಟ್ಟು ಬರುತ್ತೆ!" ಮೂರೇ ನಿಮಿಷದಲ್ಲಿ ಹದಿನಾಲ್ಕೂ ಬಂದವು. ಒತ್ತಡ ಒಂದು, ತೃಪ್ತಿ ಐದು. ಇಷ್ಟು ಬೇಗ ಜನರ ಬದುಕು ಸುಧಾರಿಸಿದ ಮೇಲ್ವಿಚಾರಕ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ.

ಶನಿವಾರ ಬಂತು. ಅಂಗಡಿಯಲ್ಲಿ ಮಾಡಿಸಿದ್ದ ಬ್ಯಾನರ್ ಬಿಚ್ಚಿ ನೋಡಿದೆ. 'ಒತ್ತಡ ರಹಿತ ಬದುಕು' ಎಂದು ಬರೆದುಕೊಟ್ಟಿದ್ದೆ. ಅಂಗಡಿಯವರು 'ಒತ್ತಡ ಸಹಿತ ಬದುಕು' ಎಂದು ಅಚ್ಚು ಹಾಕಿದ್ದರು! ಮಾರ್ಕರ್ ಪೆನ್ನಿನಿಂದ 'ಸ'ವನ್ನು 'ರ' ಮಾಡಲು ಹೋದೆ. ತಿದ್ದಿದಷ್ಟೂ ಅದು ಕಪ್ಪು ಜಿರಳೆಯಂತಾಯಿತು. ಇರಲಿ, ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ ಎಂದು ಎತ್ತರಕ್ಕೆ ಕಟ್ಟಿಸಿದೆ.

ಬೆಳಗಿನ ಹಾಲು ಇಳಿಸಿಯಾಗಿತ್ತು. ಪಂಪು ಅದನ್ನು ದೊಡ್ಡ ಟ್ಯಾಂಕಿಗೆ ಏರಿಸುತ್ತಿತ್ತು. ಟ್ಯಾಂಕು ತುಂಬುತ್ತಾ ಬಂದಾಗ ಎಚ್ಚರಿಸಲು ಒಂದು ಬಜರ್ ಇದೆ. ಅದು ಕಿರುಚಿದರೆ ಬಂಗಾರಪೇಟೆ ಸ್ಟೇಷನ್ನಿಗೆ ಕೇಳಬೇಕು. ಧ್ಯಾನದ ನಡುವೆ ಅದು ಕಿರುಚಿದರೆ? ಹೋಗಿ ಸ್ವಿಚ್ ಆರಿಸಿಬಿಟ್ಟೆ.

ಪಂಪು ನೋಡಿಕೊಳ್ಳುವ ಸೆಲ್ವರಾಜ್ ಗಾಬರಿಯಾದ. "ಸಾರ್, ಬಜರ್ ನಿಲ್ಸಿದ್ರೆ ಟ್ಯಾಂಕ್ ತುಂಬಿದ್ದು ಎಂಗೆ ಸಾರ್ ತಿಳಿಯತ್ತೆ? ನಾನ್ ಇಲ್ಲೇ ಇರ್ತೀನಿ, ನೀವೆಲ್ಲ ಧ್ಯಾನ ಮಾಡಿ."

"ಸೆಲ್ವರಾಜ್, ಇದೇ ನಿನ್ನ ತೊಂದರೆ. ಯಾವಾಗಲೂ ಚಿಂತೆ! ಹತ್ತು ನಿಮಿಷ ಹಾಲನ್ನು ಅದರ ಪಾಡಿಗೆ ಬಿಡು. ಬಂದು ಕೂತ್ಕೋ."

ಎಲ್ಲರೂ ಶೆಡ್ಡಿನಲ್ಲಿ ಜಮಖಾನೆ ಮೇಲೆ ಕೂತರು. ಒಂದು ಸ್ಪೀಕರಿಗೆ ನನ್ನ ಮೊಬೈಲ್ ಜೋಡಿಸಿದ್ದೆ, ಕೊಳಲಿನ ಸಂಗೀತ ಹಾಕಲೆಂದು. "ಈಗ ನಿಮ್ಮ ಮನಸ್ಸಿಗೆ ಒಂದು ಮಧುರವಾದ ದನಿ ಕೇಳಿಸುತ್ತದೆ," ಎಂದು ಗಂಭೀರವಾಗಿ ಹೇಳಿ ಬೆರಳಿಟ್ಟೆ. ಆಗಷ್ಟೇ ಬಂದಿದ್ದ ಧ್ವನಿ ಸಂದೇಶದ ಮೇಲೆ ಬೆರಳು ಬಿತ್ತು. ದನಿ ಕೇಳಿಸಿತು. ಸರೋಜಳದು!

"ರೀ! ಬಿಪಿ ಮಾತ್ರೆ ಇಲ್ಲೇ ಇದೆ, ವಾರದಿಂದ ಒಂದೂ ಖಾಲಿ ಆಗಿಲ್ಲ! ಮಲಗಿದ್ರೆ ಹಲ್ಲು ಕಡೀತೀರ, ನಿದ್ದೇಲಿ 'ನಾರಾಯಣಮ್ಮಾ, ಕ್ಯಾನು ಎಲ್ಲಿ' ಅಂತ ಕೂಗ್ತೀರ…"

ನಿಲ್ಲಿಸಲು ಒತ್ತಿದೆ. ದನಿ ಇನ್ನೂ ದೊಡ್ಡದಾಯಿತು.

"…ಅಲ್ಲಿ ಆ ಜನಗಳ ಮೇಲೆ ಕೂಗಾಡ್ಬೇಡಿ, ಪಾಪ! ಕೂಗೋದಿದ್ರೆ ಮನೆಗೆ ಬಂದು ನನ್ ಮೇಲೆ ಕೂಗಿ, ನನಗೆ ಅಭ್ಯಾಸ ಆಗೋಗಿದೆ!"

ಹದಿನಾಲ್ಕು ಜನರಲ್ಲಿ ಒಬ್ಬರೂ ನಗಲಿಲ್ಲ. ನಗದೇ ಇರಲು ಅವರು ಪಡುತ್ತಿದ್ದ ಕಷ್ಟ ನೋಡಿದರೆ ಅಯ್ಯೋ ಎನಿಸುತ್ತಿತ್ತು. ಸೆಲ್ವರಾಜ್ ಮುಖಕ್ಕೆ ಟವಲು ಒತ್ತಿಕೊಂಡು ಅಲುಗಾಡುತ್ತಿದ್ದ. "ಎಲ್ಲರೂ ಕಣ್ಣು ಮುಚ್ಚಿ!" ಎಂದೆ. ಅವರು ನನ್ನನ್ನು ನೋಡದಿರುವುದು ಆ ಕ್ಷಣಕ್ಕೆ ಬಹಳ ಅಗತ್ಯವಾಗಿತ್ತು.

ಕೊನೆಗೂ ಕೊಳಲು ಸಿಕ್ಕಿತು. ಫ್ಯಾನು ತಿರುಗುತ್ತಿತ್ತು. ಬೆಳಕು ಹರಿಯುವ ಮುಂಚೆ ಎದ್ದು ಬಂದ ಜನ. ಎರಡು ನಿಮಿಷದಲ್ಲಿ ಒಬ್ಬೊಬ್ಬರೇ ಪಕ್ಕಕ್ಕೆ ವಾಲಿದರು. ಗೊರಕೆ ಕೇಳಿಸಿತು. ಆಹಾ, ಎಂಥ ಫಲಿತಾಂಶ! ಮೇಡಂ ಬಂದು ಈ ದೃಶ್ಯ ನೋಡಬೇಕು ಎಂದುಕೊಂಡು ನಾನೂ ಕುರ್ಚಿಗೆ ಒರಗಿದೆ. ಒಂದು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನಾಲ್ಕರವರೆಗೆ ಎಣಿಸಿದ್ದು ನೆನಪಿದೆ.

"ಸಾರ್! ಏಳಿ ಸಾರ್! ಆಲು ಓಗ್ತೈತೆ!"

ನಾರಾಯಣಮ್ಮನ ಕೂಗಿಗೆ ಕಣ್ಣು ಬಿಟ್ಟೆ. ಕಾಲು ಐಸಿನಂತೆ ತಣ್ಣಗಿತ್ತು. ನೋಡಿದರೆ ಹಿಮ್ಮಡಿ ಮುಳುಗುವಷ್ಟು ಹಾಲು! ಟ್ಯಾಂಕು ತುಂಬಿ, ಬಾಯಿಯಿಂದ ಉಕ್ಕಿ, ಶೆಡ್ಡಿನ ನೆಲವೆಲ್ಲ ಹರಡಿ, ಮೆಟ್ಟಿಲಿಳಿದು ಅಂಗಳಕ್ಕೆ ಹರಿಯುತ್ತಿತ್ತು. ಸೆಲ್ವರಾಜ್ ಎದ್ದು ಓಡಿ, ಜಾರಿ, ಕೂತೇ ಬಾಗಿಲವರೆಗೆ ಹೋದ. ನಾರಾಯಣಮ್ಮ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆ ಹಿಡಿದು ನಡೆದು ಪಂಪು ಆರಿಸಿದಳು. ಅಂಗಳದಲ್ಲಿ ಎರಡು ಬೀದಿನಾಯಿಗಳು ಪಕ್ಕಪಕ್ಕ ನಿಂತು ನೆಕ್ಕುತ್ತಿದ್ದವು. ಆ ಹೊತ್ತಿನಲ್ಲಿ ನಮ್ಮ ಕೇಂದ್ರದಲ್ಲಿ ಜೀವನ ತೃಪ್ತಿಗೆ ಪೂರ್ತಿ ಐದು ಅಂಕ ಪಡೆದ ಜೀವಿಗಳೆಂದರೆ ಅವೆರಡೇ.

ಮತ್ತು ಬಾಗಿಲಲ್ಲಿ, ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಹಾಲಿನ ನಡುವೆ ಪದ್ಮಾವತಿ ಮೇಡಂ ನಿಂತಿದ್ದರು! ಅವರ ಹಿಂದೆ ಒಬ್ಬ ನರ್ಸು.

"ಶಾಂತಿ! ಎಲ್ಲರೂ ಶಾಂತವಾಗಿರಿ!" ಎಂದು ನಾನು ಕಿರುಚಿದ ರಭಸಕ್ಕೆ ನಾಯಿಗಳು ಓಡಿಹೋದವು. ಮೇಡಂಗೆ ನಮಸ್ಕಾರ ಮಾಡಲು ಮುಂದೆ ಹೋದೆ. ಕಾಲು ಜಾರಿತು. ಆಸರೆಗೆ ಬ್ಯಾನರಿನ ಹಗ್ಗ ಹಿಡಿದೆ. ಬ್ಯಾನರೂ ನಾನೂ ಜೊತೆಯಾಗಿ ಬಂದೆವು.

ಎಬ್ಬಿಸಿ ಕೂರಿಸಿ ನರ್ಸು ನನ್ನ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಮೀಟರ್ ನೋಡಿದರು. ಇನ್ನೊಂದು ತೋಳಿಗೆ ಸುತ್ತಿದರು.

"ನಿಮ್ಮ ಮಿಷನ್ ಸರಿ ಇಲ್ಲ ಅನ್ಸುತ್ತೆ," ಎಂದೆ.

ಅವರು ಅದೇ ಪಟ್ಟಿಯನ್ನು ನಾರಾಯಣಮ್ಮನ ತೋಳಿಗೆ ಸುತ್ತಿದರು. ಸರಿಯಾಗಿತ್ತು. ಸೆಲ್ವರಾಜನಿಗೆ ಸುತ್ತಿದರು. ಸರಿಯಾಗಿತ್ತು. ಮತ್ತೆ ನನಗೆ ಸುತ್ತಿದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

"ಸಾರ್, ಮಾತಾಡ್ಬೇಡಿ. ಎದೆ ನೋವ್ತಾ ಇದೆಯಾ? ಕೈ ಜುಮ್ ಅಂತಿದೆಯಾ? ಮೇಡಂ, ಇವರನ್ನ ಈಗಲೇ ಕರ್ಕೊಂಡು ಹೋಗ್ಬೇಕು."

ಆಗ ನನಗೆ ಹೆದರಿಕೆಯಾಯಿತು. ಇದನ್ನು ಬರೆಯಲು ನಾಚಿಕೆಯಿಲ್ಲ. ಮೇಡಂ ಬಂದಿದ್ದ ಜೀಪಿನಲ್ಲಿ ಮಲಗಿದ್ದಾಗ ಕಿಟಕಿಯಾಚೆ ಮೇಲೆ ಕಾಣುತ್ತಿದ್ದ ವಿದ್ಯುತ್ ತಂತಿಗಳನ್ನು ಎಣಿಸುತ್ತಾ, ಇನ್ನೊಂದು ಐದು ವರ್ಷವಾದರೂ ಕೊಡಪ್ಪಾ ಎಂದು ಬೇಡಿಕೊಂಡೆ. ನನ್ನ ಕೈ ಹಿಡಿದು ಕೂತಿದ್ದವನು ಸೆಲ್ವರಾಜ್. ಅವನ ಪ್ಯಾಂಟಿನಿಂದ ಇನ್ನೂ ಹಾಲು ತೊಟ್ಟಿಕ್ಕುತ್ತಿತ್ತು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಸರೋಜ ಬಂದಳು. ಆತುರದಲ್ಲಿ ಅಳತೆ ಟೇಪು ಕತ್ತಿನಲ್ಲೇ ಇತ್ತು. ಅವಳು ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ನನ್ನ ಪಾದಕ್ಕೆ ಅಂಟಿದ್ದ ಹಾಲನ್ನು ಸೆರಗಿನಿಂದ ಒರೆಸುತ್ತಾ ಕೂತಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ.

"ಇನ್ನೊಂದ್ಸಲ ಮಾತ್ರೆ ಬಿಟ್ರೆ," ಎಂದಳು ಕೊನೆಗೆ. ಕತ್ತಿನ ಟೇಪು ತೆಗೆದು ಬೆರಳಿಗೆ ಸುತ್ತತೊಡಗಿದಳು.

"ಬಿಡಲ್ಲ ಕಣೆ," ಎಂದೆ.

ಸಂಜೆಯ ಹೊತ್ತಿಗೆ ಬಿಪಿ ಇಳಿಯಿತು. ಮೇಡಂ ನಾರಾಯಣಮ್ಮನನ್ನೂ ಕರೆದುಕೊಂಡು ಬಂದರು. ಅವರ ಕೈಯಲ್ಲಿ ಒಂದು ಕಂತೆ ಕಾಗದ. ನನ್ನ ಆರೋಗ್ಯ ಕಾರ್ಡು ಹುಡುಕಲು ಡ್ರಾಯರ್ ತೆಗೆದಿದ್ದರಂತೆ. ಹಳೆಯ ಹದಿನಾಲ್ಕು ನಮೂನೆಗಳು!

"ಒತ್ತಡ ಸ್ವಲ್ಪವೂ ಇಲ್ಲ ಅಂತ ಬರೆಯೋರ ಬಗ್ಗೆನೇ ನನಗೆ ಹೆಚ್ಚು ಚಿಂತೆ, ವೆಂಕಟೇಶಪ್ಪನವರೇ. ಅದಕ್ಕೇ ನರ್ಸನ್ನ ಕರ್ಕೊಂಡು ಬಂದಿದ್ದು. ಈ ಕೊನೆಯ ಪ್ರಶ್ನೆಗೆ ಬಂದ ಉತ್ತರ ಓದಿದ್ರಾ?"

ಇಲ್ಲವೆಂದು ತಲೆಯಾಡಿಸಿದೆ. ಒಂದೊಂದಾಗಿ ತೋರಿಸಿದರು. ನಿಮ್ಮ ಒತ್ತಡಕ್ಕೆ ಮುಖ್ಯ ಕಾರಣವೇನು? 'ಸಾರ್.' 'ಸೂಪರ್‌ವೈಸರ್ ಸಾರ್.' 'ಸಾರ್ ಕೂಗೋದು.' 'ಸಾರ್ ಕೂಗದೆ ಸುಮ್ಮನೆ ನಿಂತು ನೋಡೋದು.' ಒಬ್ಬರು ಏನೂ ಬರೆಯದೆ, ದೊಡ್ಡದಾಗಿ ತೆರೆದ ಒಂದು ಬಾಯಿಯ ಚಿತ್ರ ಬಿಡಿಸಿದ್ದರು. ಮೇಲ್ದವಡೆಯಲ್ಲಿ ಒಂದು ಹಲ್ಲು ಇರಲಿಲ್ಲ. ನನಗೂ ಇಲ್ಲ.

ಹದಿನಾಲ್ಕರಲ್ಲಿ ಒಂದರಲ್ಲಿ ಮಾತ್ರ 'ಮೊದಲನೇ ಬಸ್ಸು' ಎಂದಿತ್ತು.

ನಾನು ನಾರಾಯಣಮ್ಮನ ಮುಖ ನೋಡಿದೆ. ಅವಳು ಗ್ಲೂಕೋಸ್ ಬಾಟಲಿ ನೋಡುತ್ತಿದ್ದಳು. ಆ ಕಂತೆಯ ಅಡಿಯಲ್ಲೇ ಅವಳ ಅರ್ಜಿಯೂ ಇತ್ತು. ಸೂಜಿ ಚುಚ್ಚಿರದ ಕೈಯಲ್ಲಿ ಪೆನ್ನು ಹಿಡಿದು ಅಲ್ಲೇ ಸಹಿ ಹಾಕಿದೆ. ಅದು ಎಡಗೈ. ಸಹಿ ಕೋಳಿ ಕೆದರಿದಂತಾಯಿತು.

"ಇದ್ನ ಆಫೀಸ್‌ನಾಗೆ ಒಪ್ತಾರಾ ಮೇಡಂ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಒಪ್ತಾರೆ. ನಾನೇ ಸಾಕ್ಷಿ," ಎಂದರು ಮೇಡಂ.

ನನಗೆ ಹತ್ತು ದಿನ ಕಡ್ಡಾಯ ವಿಶ್ರಾಂತಿ. ಜೊತೆಗೆ ಹಾಲು ಚೆಲ್ಲಿದ್ದಕ್ಕೆ ಕಾರಣ ಕೇಳಿ ಒಂದು ನೋಟಿಸು. ವಿಶ್ರಾಂತಿಯನ್ನು ನಾನು ಎಂದಿನ ನಿಷ್ಠೆಯಿಂದಲೇ ಕೈಗೊಂಡೆ. ಮೊದಲನೆಯ ದಿನ ಸರೋಜಳ ದಾರದುಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದೆ. ಎರಡನೆಯ ದಿನ ಅವಳಿಗೆ ಗುಂಡಿ ಹೊಲಿಯುವ ಸುಲಭ ವಿಧಾನ ಹೇಳಿಕೊಟ್ಟೆ. ಮೂರನೆಯ ದಿನ ಸಾರಿಗೆ ಒಗ್ಗರಣೆ ಹಾಕುವಾಗ ಸಾಸಿವೆ ಸಿಡಿಯಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನಿಂತೆ. ರವಿಕೆ ಹೊಲಿಸಲು ಬಂದವರಿಗೆ ತಡವಾದರೆ ಹೊಲಿಯುವುದಿಲ್ಲ ಎಂಬ ನಿಯಮ ಮಾಡಿದೆ. ಇಬ್ಬರು ವಾಪಸು ಹೋದರು. ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಆರನೆಯ ದಿನ ಡಾಕ್ಟರ ಬಳಿ ಹೋದೆವು. ನನ್ನ ಬಿಪಿ ಚೆನ್ನಾಗಿತ್ತು. ಬಂದದ್ದು ಬಂದೆ, ನನ್ನದೂ ನೋಡಿ ಎಂದು ಸರೋಜ ಕೈ ಚಾಚಿದಳು. ಡಾಕ್ಟರು ನೋಡಿ ಹುಬ್ಬೇರಿಸಿದರು.

"ಏನಮ್ಮಾ, ಮನೆಯಲ್ಲಿ ಏನಾದರೂ ತೊಂದರೆನಾ?"

"ಅದೆಲ್ಲ ಬಿಡಿ ಡಾಕ್ಟ್ರೇ. ಇವರನ್ನ ಯಾವಾಗಿಂದ ಕೆಲಸಕ್ಕೆ ಕಳಿಸ್ಬೋದು, ಅದನ್ನ ಹೇಳಿ!"

ಏಳನೆಯ ದಿನವೇ ಕೇಂದ್ರಕ್ಕೆ ಹೋದೆ. ನಾನಿಲ್ಲದೆ ಎಲ್ಲ ಅಸ್ತವ್ಯಸ್ತವಾಗಿರುತ್ತದೆ ಎಂದುಕೊಂಡಿದ್ದೆ. ಕ್ಯಾನುಗಳು ಸಾಲಾಗಿದ್ದವು. ಟ್ಯಾಂಕರು ಹೊತ್ತಿಗೆ ಮುಂಚೆಯೇ ಹೊರಟಿತ್ತು. ಎರಡನೇ ಬಸ್ಸಿಗೆ ಬಂದಿದ್ದ ನಾರಾಯಣಮ್ಮ ಏನೋ ಹೇಳುತ್ತಿದ್ದಳು, ಎಲ್ಲರೂ ನಗುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಇನ್ನೂ ರಜಾ ಐತಲ್ಲಾ ಸಾರ್?" ಎಂದ ಸೆಲ್ವರಾಜ್, ಬಹಳ ಕಾಳಜಿಯಿಂದ. "ಫುಲ್ ರೆಸ್ಟ್ ತಗೊಳ್ಳಿ ಸಾರ್. ನಮಗೇನೂ ತೊಂದ್ರೆ ಇಲ್ಲ."

ಈಗ ನಾನು ಕೂಗುವುದನ್ನು ಬಹಳ ಕಮ್ಮಿ ಮಾಡಿದ್ದೇನೆ. ಈ ವಿಷಯದಲ್ಲಿ ನನ್ನ ಅಧ್ಯಯನವೂ ಆಳವಾಗಿದೆ. ನಾನು ಮನೆಯಿಂದ ಹೊರಟೊಡನೆ ಮನೆಯ ಜೀವನ ತೃಪ್ತಿ ಏರುತ್ತದೆ. ನಾನು ಕೇಂದ್ರ ತಲುಪಿದೊಡನೆ ಅಲ್ಲಿನ ಒತ್ತಡ ಏರುತ್ತದೆ. ಅಂದರೆ ನನ್ನಿಂದ ಯಾರಿಗೂ ಕಷ್ಟವಿಲ್ಲದ ಸಮಯ ಒಂದೇ, ಬಸ್ಸಿನಲ್ಲಿರುವ ಸಮಯ. ಇದನ್ನು ಕಂಡುಹಿಡಿದ ಖುಷಿಯಲ್ಲಿ ಮೊನ್ನೆ ಕಿಟಕಿ ಪಕ್ಕ ಹಾಯಾಗಿ ಕೂತಿದ್ದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಜನ ಹತ್ತುವ ರೀತಿ ಸರಿಯಿಲ್ಲ ಎನಿಸಿತು. ಹಿಂದಿನ ಬಾಗಿಲಲ್ಲಿ ಹತ್ತಿಸಿ ಮುಂದಿನ ಬಾಗಿಲಲ್ಲಿ ಇಳಿಸುವುದು ಹೇಗೆ, ಶಿಳ್ಳೆ ಯಾವಾಗ ಊದಬೇಕು ಎಂದು ಕಂಡಕ್ಟರಿಗೆ ಸಮಾಧಾನವಾಗಿಯೇ ವಿವರಿಸಿದೆ. ಆತ ಟಿಕೆಟ್ ಕೊಡುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ.

"ಸಾರ್, ತಾವು ಇಳಿಯೋದು ಎಲ್ಲಿ?"

"ಬಂಗಾರಪೇಟೆ."

ಆತ ಹೊರಗೆ ನೋಡಿ ನಿಟ್ಟುಸಿರು ಬಿಟ್ಟ.

"ಅಯ್ಯೋ, ಇನ್ನೂ ಅಷ್ಟು ದೂರ ಇದೆಯಾ!"